ನಾಯಿ, ಬೆಕ್ಕಿಗೆ ಮುಂಜಾನೆ ತನಕ ಕಾಯಬಾರದ ಹೊತ್ತು ಯಾವುದು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಜನರ ಬಾಯಲ್ಲಿ ಅದು ದನದ ದವಾಖಾನಿ. ಅಲ್ಲಿನ ವೈದ್ಯರ ಹಗಲೆಲ್ಲ ಎಮ್ಮೆ, ಆಕಳು, ಎತ್ತು, ಆಡು, ಕುರಿಗಳಿಗೇ ಸರಿಹೋಗುತ್ತದೆ. ಹಳ್ಳಿ ಭೇಟಿ, ಲಸಿಕೆ ಅಭಿಯಾನಗಳ ಓಡಾಟ ಬೇರೆ. ಸಂಜೆಯಾದ ಮೇಲೆ ಬಾಗಿಲು ಮುಚ್ಚಿರುತ್ತದೆ. ರಾತ್ರಿ ಹತ್ತಕ್ಕೆ ತೋಟದ ಮನೆಯ ನಾಯಿ ಬಾಯಲ್ಲಿ ನೊರೆ ಸುರಿಸುತ್ತ ಬಿದ್ದರೆ, ಬೆಂಗಳೂರಿನವರ ಹಾಗೆ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಕ್ಲಿನಿಕ್ಕಿಗೆ ಓಡುವ ಅನುಕೂಲ ನಮಗಿಲ್ಲ. ಬಾಗೇವಾಡಿಯಿಂದ ವಿಜಯಪುರಕ್ಕೆ ಸುಮಾರು 45 ಕಿ.ಮೀ., ಇಂಡಿ, ಸಿಂದಗಿಗಳಿಂದ 55–60, ಮುದ್ದೇಬಿಹಾಳದಿಂದ ಹತ್ತಿರ ಹತ್ತಿರ 80. ಹಳ್ಳಿಯಿಂದ ತಾಲೂಕಿನ ತನಕ ಬರುವ ದಾರಿ ಇದರಲ್ಲಿ ಸೇರಿಲ್ಲ.

ಹೀಗಾಗಿ ನಮ್ಮಲ್ಲಿ "ತಡಿ, ಮುಂಜಾನೆ ನೋಡೂಣು" ಅನ್ನುವ ಮಾತು ಬೇಗ ಬಾಯಿಗೆ ಬರುತ್ತದೆ. ಎಷ್ಟೋ ಸಲ ಆ ಮಾತು ಸರಿಯೇ ಇರುತ್ತದೆ. ಒಂದು ಹೊತ್ತು ಉಣ್ಣದ ನಾಯಿ, ಒಮ್ಮೆ ವಾಂತಿ ಮಾಡಿ ಮತ್ತೆ ಬಾಲ ಅಲ್ಲಾಡಿಸುವ ನಾಯಿ ಮುಂಜಾನೆ ತನಕ ತಡೆಯುತ್ತದೆ. ಆದರೆ ಕೆಲವು ಲಕ್ಷಣಗಳಿಗೆ ಮುಂಜಾನೆ ಎನ್ನುವುದೇ ಇಲ್ಲ. ವೈದ್ಯರು ಹತ್ತು ನಿಮಿಷದ ದಾರಿಯಲ್ಲಿ ಇರುವ ಊರಿನಲ್ಲಿ ಒಂದು ತಾಸು ಕಾದು ನೋಡಿದರೂ ನಡೆದೀತು. ಎರಡು ತಾಸಿನ ದಾರಿ ಇದ್ದವರು ಅದನ್ನು ಮಾಡಲಾಗದು. ಆಸ್ಪತ್ರೆ ದೂರವಿದ್ದಷ್ಟೂ ನಿರ್ಧಾರ ಬೇಗ ಆಗಬೇಕು. ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಮನೆಯಲ್ಲೇ ಇರಬೇಕು.

ತುಟಿ ಎತ್ತಿ ನೋಡಿ

ಮೂಗು ಒಣಗಿದೆಯೋ ಹಸಿಯಿದೆಯೋ ಎಂದು ಮುಟ್ಟಿ ನೋಡುವ ರೂಢಿ ನಮ್ಮಲ್ಲಿ ಬಹಳ. ಅದರಿಂದ ತಿಳಿಯುವುದು ಕಡಿಮೆ; ನಿದ್ದೆಯಿಂದೆದ್ದ ಆರೋಗ್ಯವಂತ ನಾಯಿಯ ಮೂಗೂ ಒಣಗಿರುತ್ತದೆ. ನೋಡಬೇಕಾದದ್ದು ಒಸಡು. ಮೇಲ್ದುಟಿಯನ್ನು ಮೆಲ್ಲಗೆ ಮೇಲೆತ್ತಿ ಕೋರೆ ಹಲ್ಲಿನ ಮೇಲಿನ ಒಸಡನ್ನು ಬೆಳಕಿನಲ್ಲಿ ನೋಡಿ. ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಹಸಿ ಇದ್ದರೆ ಸರಿ. ಈಗ ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಅದಕ್ಕಿಂತ ತಡವಾದರೆ ರಕ್ತದ ಓಟ ಕುಗ್ಗಿದೆ ಎಂದು ಅರ್ಥ. ಒಸಡು ಬಿಳಿಚಿದ್ದರೆ ರಕ್ತ ಸೋರಿದೆ, ಇಲ್ಲವೇ ರಕ್ತಕಣಗಳು ನಾಶವಾಗುತ್ತಿವೆ. ನೀಲಿಯಾಗಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಇಟ್ಟಿಗೆಯ ಕೆಂಪಿದ್ದರೆ ಮೈ ಕಾದಿದೆ ಅಥವಾ ನಂಜು ಏರಿದೆ. ಹಳದಿಯಾದರೆ ಲಿವರ್ ಇಲ್ಲವೇ ರಕ್ತದ ತೊಂದರೆ. ಬೆಕ್ಕಿನ ಒಸಡು ಕಂದು ತಿರುಗಿದ್ದರೆ ಅದಕ್ಕೆ ಯಾರೋ ಪ್ಯಾರಾಸಿಟಮಾಲ್ ಕೊಟ್ಟಿರುವ ಸಂಶಯ ಪಡಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳ ರೆಪ್ಪೆಯನ್ನು ಕೆಳಗೆಳೆದು ಒಳಗಿನ ಬಣ್ಣ ನೋಡಿದರಾಯಿತು.

ಎರಡನೆಯದು ಉಸಿರು. ಮಲಗಿ ನಿದ್ದೆಯಲ್ಲಿರುವಾಗ ಪಕ್ಕೆ ಎಷ್ಟು ಸಲ ಏರುತ್ತದೆ ಎಂದು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಾಯಿ, ಬೆಕ್ಕು ಎರಡಕ್ಕೂ ನಿಮಿಷಕ್ಕೆ 30ರೊಳಗಿದ್ದರೆ ಚಿಂತೆಯಿಲ್ಲ. ತಣ್ಣಗೆ ಮಲಗಿದ್ದಾಗಲೂ 40 ದಾಟಿ ಅಲ್ಲೇ ನಿಂತರೆ ವೈದ್ಯರಿಗೆ ತೋರಿಸಲೇಬೇಕು. ಮೂರನೆಯದು ಮೈ ಕಾವು. ಮನೆಯಲ್ಲೊಂದು ಡಿಜಿಟಲ್ ಥರ್ಮಾಮೀಟರ್ ಪ್ರಾಣಿಗೆಂದೇ ಇಟ್ಟುಕೊಳ್ಳಿ. ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮನುಷ್ಯರ ಲೆಕ್ಕದಲ್ಲಿ ಇದು ಜ್ವರ, ಅವಕ್ಕಲ್ಲ. 101 ಬಂತೆಂದು ಗಾಬರಿಯಾಗಿ ಮಾತ್ರೆ ಕೊಡುವುದರಿಂದಲೇ ಎಷ್ಟೋ ಬೆಕ್ಕುಗಳು ಸಾಯುತ್ತವೆ. ಪ್ಯಾರಾಸಿಟಮಾಲ್‌ನ ಒಂದೇ ಒಂದು 500 ಮಿಲಿಗ್ರಾಂ ಮಾತ್ರೆ ಬೆಕ್ಕಿನ ಜೀವ ತೆಗೆಯಲು ಸಾಕು. ಮನುಷ್ಯರ ನೋವಿನ ಮಾತ್ರೆಗಳು ನಾಯಿಗೂ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ.

ಇವಕ್ಕೆ ರಾತ್ರಿಯಾದರೂ ಹೊರಡಬೇಕು

ಬಾಯಿ ತೆರೆದು ಉಸಿರಾಡುವ ಬೆಕ್ಕು. ನಾಯಿ ನಾಲಿಗೆ ಚಾಚಿ ತೇಕುವುದು ಸಹಜ, ಬೆಕ್ಕು ಹಾಗಲ್ಲ. ಬೆಕ್ಕು ಬಾಯಿ ತೆರೆದು, ಕತ್ತು ಮುಂದೆ ಚಾಚಿ, ಮೊಣಕೈ ಅಗಲಿಸಿ ಕೂತಿದ್ದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ. ಅಂಥ ಬೆಕ್ಕನ್ನು ಹಿಡಿದು ಬಾಯಿಗೆ ನೀರು, ಔಷಧಿ ಹಾಕಲು ಹೋದರೆ ಕೈಯಲ್ಲೇ ಸತ್ತೀತು. ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಕಟ್ಟಿ, ಗದ್ದಲ ಮಾಡದೆ ಹೊರಡಿ.

ಉಚ್ಚೆ ಕಟ್ಟಿದ ಗಂಡು ಬೆಕ್ಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಗುರುತಿಸುವವರು ಕಡಿಮೆ. ಗಂಡು ಬೆಕ್ಕಿನ ಮೂತ್ರನಾಳ ತೀರ ಸಣ್ಣದು. ಸಣ್ಣ ಹರಳುಗಳೋ ಲೋಳೆಯೋ ಅಡ್ಡ ಸಿಕ್ಕರೆ ಪೂರ್ತಿ ಮುಚ್ಚಿಹೋಗುತ್ತದೆ. ಬೆಕ್ಕು ಮಣ್ಣಲ್ಲೋ ಬೂದಿಯಲ್ಲೋ ಮತ್ತೆ ಮತ್ತೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಒಂದೆರಡು ಹನಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಡುನಡುವೆ ಕೂಗುತ್ತದೆ, ಮೂತ್ರದ್ವಾರ ನೆಕ್ಕಿಕೊಳ್ಳುತ್ತದೆ. ಮನೆಯವರು ಮಲಬದ್ಧತೆ ಎಂದುಕೊಂಡು ಔಡಲ ಎಣ್ಣೆ ಕುಡಿಸುತ್ತಾರೆ. ಒಳಗೆ ಮೂತ್ರಕೋಶ ಉಬ್ಬಿ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಮೈಯಿಂದ ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಕೊನೆಗೆ ಹೃದಯವನ್ನೇ ನಿಲ್ಲಿಸುತ್ತದೆ. ಪೂರ್ತಿ ಕಟ್ಟಿದರೆ ಎರಡು, ಮೂರು ದಿನದಲ್ಲಿ ಸಾವು. ವಾಂತಿ ಶುರುವಾಗಿ ಬೆಕ್ಕು ಮಂಕಾಗಿ ಬಿದ್ದಿತೆಂದರೆ ಆ ಅವಧಿಯ ಬಹುಪಾಲು ಆಗಲೇ ಕಳೆದಿದೆ. ಕ್ಯಾಥೆಟರ್ ಹಾಕಿ ಬಿಡಿಸುವುದೊಂದೇ ದಾರಿ. ಅದನ್ನು ಮಾಡಬಲ್ಲವರು ಎಲ್ಲಿದ್ದಾರೆ ಎಂದು ಮೊದಲು ಫೋನಿನಲ್ಲಿ ಕೇಳಿ ಹೊರಡಿ.

ದೊಡ್ಡ ನಾಯಿಗಳಲ್ಲಿ ಹೊಟ್ಟೆ ತಿರುಚಿಕೊಳ್ಳುವ ಒಂದು ಕಾಯಿಲೆಯಿದೆ. ಎದೆಗೂಡು ಆಳವಿರುವ ತಳಿಗಳಲ್ಲಿ ಇದು ಹೆಚ್ಚು. 1997ರ ತನಕ ನಮ್ಮದೇ ಜಿಲ್ಲೆಯಲ್ಲಿದ್ದ ಮುಧೋಳದ ಬೇಟೆನಾಯಿಯ ಎದೆಯೂ ಹಾಗೆಯೇ ಆಳ. ಹೊಟ್ಟೆ ಗಾಳಿ ತುಂಬಿ ಡೊಳ್ಳಿನಂತೆ ಉಬ್ಬುತ್ತದೆ, ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ನೊರೆಯ ಹೊರತು ಏನೂ ಬರುವುದಿಲ್ಲ. ನಿಂತಲ್ಲಿ ನಿಲ್ಲದು, ಮಲಗಿದಲ್ಲಿ ಮಲಗದು. ಗಾಳಿ ಹೋಗಲೆಂದು ಸೋಡಾ, ಇನೋ ಕುಡಿಸಬೇಡಿ. ಇಲ್ಲಿ ಲೆಕ್ಕ ಇರುವುದು ತಾಸುಗಳಲ್ಲಿ.

ಮೂರ್ಛೆ ಐದು ನಿಮಿಷ ಮೀರಿದರೆ, ಒಂದು ನಿಂತು ತಿಳಿವು ಬರುವ ಮೊದಲೇ ಇನ್ನೊಂದು ಬಂದರೆ, ಅದೂ ತುರ್ತೇ. ಬಾಯಿಗೆ ಬೆರಳು, ಚಮಚ, ಕಬ್ಬಿಣ, ಈರುಳ್ಳಿ ಏನೂ ಬೇಡ. ಸುತ್ತಲಿನ ಸಾಮಾನು ಸರಿಸಿ, ದೀಪ ಮಂಕು ಮಾಡಿ, ಗಡಿಯಾರ ನೋಡಿಕೊಳ್ಳಿ. ಆಗುವುದಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಮರಿ ಹಾಕಿ ಎರಡು, ಮೂರು ವಾರವಾದ ತಾಯಿನಾಯಿ ನಡುಗುತ್ತ ಕಾಲು ಸೆಟೆಸಿಕೊಂಡರೆ ಅದು ಸುಣ್ಣದಂಶದ ಕೊರತೆ. ಮರಿಗಳನ್ನು ಮೊಲೆಯಿಂದ ಬಿಡಿಸಿ ಕೂಡಲೇ ಒಯ್ಯಿರಿ; ಕ್ಯಾಲ್ಸಿಯಂ ಇಂಜೆಕ್ಷನ್ನು ಸಮಯಕ್ಕೆ ಸಿಕ್ಕರೆ ನೋಡನೋಡುತ್ತ ಚೇತರಿಸುತ್ತದೆ. ಇದು ಎಮ್ಮೆ, ಆಕಳಿಗೂ ಬರುವ ತೊಂದರೆಯಾದ್ದರಿಂದ ನಮ್ಮ ತಾಲೂಕು ವೈದ್ಯರಿಗೆ ಚೆನ್ನಾಗಿ ಗೊತ್ತು. ಈಯುವಾಗ ಅರ್ಧ ತಾಸು ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಒಂದು ಮರಿ ಬಂದು ಒಳಗೆ ಇನ್ನೂ ಇದ್ದು ಎರಡು ತಾಸು ದಾಟಿದರೆ, ಮೊದಲ ಮರಿಗಿಂತ ಮುಂಚೆಯೇ ಹಸಿರು ಸ್ರಾವ ಕಂಡರೆ ಕಾಯಬೇಡಿ. ಬೆದೆ ಮುಗಿದ ಒಂದು, ಎರಡು ತಿಂಗಳಿಗೆ ಹೆಣ್ಣು ನಾಯಿ ಬಹಳ ನೀರು ಕುಡಿದು, ಉಣ್ಣದೆ, ವಾಂತಿ ಮಾಡುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣದಿದ್ದರೆ ಅಪಾಯ ಇನ್ನೂ ಹೆಚ್ಚು.

ಇನ್ನು ಮರಿಗಳು. ಲಸಿಕೆಯಾಗದ, ಎರಡರಿಂದ ಆರು ತಿಂಗಳ ನಾಯಿಮರಿ ಉಣ್ಣುವುದು ಬಿಟ್ಟು ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ ಶುರುಮಾಡಿದರೆ ಪಾರ್ವೊ ಎಂದೇ ತಿಳಿದು ನಡೆಯಿರಿ. ಮರಿಯ ಮೈಯಲ್ಲಿ ನೀರಿನ ಸಂಗ್ರಹವೇ ಸ್ವಲ್ಪ. ಸಂಜೆ ಆಡುತ್ತಿದ್ದದ್ದು ಮರುದಿನ ಮಧ್ಯಾಹ್ನಕ್ಕೆ ಕಣ್ಣು ಒಳಸೇರಿಸಿಕೊಂಡಿರುತ್ತದೆ. ಸಲೈನ್ ಹಾಕಿಸಿದರೆ ಬದುಕುವ ಮರಿಗಳು ಬಹಳ. ಮನೆಯಲ್ಲಿ ಮಜ್ಜಿಗೆ, ಗ್ಲೂಕೋಸ್ ಕುಡಿಸುತ್ತ ಕೂತರೆ ಉಳಿಯುವುದು ಕಷ್ಟ.

ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಮೈ ತಂಪು ಮಾಡಿಕೊಳ್ಳಲು ತೇಕುವುದೇ ಅದರ ಮುಖ್ಯ ದಾರಿ. ತಗಡಿನ ಶೆಡ್ಡಿನಡಿ ಸರಪಳಿ ಕಟ್ಟಿದ ನಾಯಿ, ಕಾರಿನೊಳಗೆ ಬಿಟ್ಟ ನಾಯಿ, ನಡು ಮಧ್ಯಾಹ್ನ ಬೈಕಿನ ಹಿಂದೆ ಓಡಿದ ನಾಯಿ ಮೊದಲು ಬೀಳುತ್ತವೆ. ಪೇಟೆಯಲ್ಲಿ ಈಗ ಪಗ್, ಶಿಟ್ಜುಗಳನ್ನು ಸಾಕುವವರೂ ಹೆಚ್ಚಾಗಿದ್ದಾರೆ. ಮೂಗು ಚಪ್ಪಟೆಯಾದ ತಳಿಗಳಿಗೆ ನಮ್ಮ ಬೇಸಿಗೆ ತೀರ ಕಠಿಣ, ಹಗಲು ಅವನ್ನು ಹೊರಗೆ ಕರೆದೊಯ್ಯಲೇಬಾರದು.

ತೇಕು ನಿಲ್ಲದೆ ಜೋರಾಗುತ್ತದೆ, ಜೊಲ್ಲು ಅಂಟಂಟಾಗುತ್ತದೆ, ಒಸಡು ಕೆಂಪೇರುತ್ತದೆ, ಕಾಲು ತೂರಾಡುತ್ತದೆ, ವಾಂತಿ ಭೇದಿಯಾಗಿ ಕುಸಿಯುತ್ತದೆ. ಥರ್ಮಾಮೀಟರ್ 105 ಡಿಗ್ರಿ ದಾಟಿದ್ದರೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಮಾತ್ರ ಮೊದಲು ಗಾಡಿ ಹುಡುಕಬೇಡಿ, ಮೊದಲು ತಂಪು ಮಾಡಿ. ನೆರಳಿಗೆ ಎಳೆದು, ಬೋರಿನ ನೀರೋ ಕೊಡದ ನೀರೋ ಮೈಮೇಲೆ ಸುರಿಯುತ್ತಲೇ ಇರಿ. ಹೊಟ್ಟೆ, ತೊಡೆಯ ಸಂದು, ಅಂಗಾಲು ಬಿಡಬೇಡಿ. ಫ್ಯಾನ್ ಹಚ್ಚಿ ಅಥವಾ ಬೀಸಿ. ಒದ್ದೆ ಟವಲ್ ಹೊದಿಸಿ ಬಿಟ್ಟರೆ ಕಾವು ಒಳಗೇ ಉಳಿಯುತ್ತದೆ, ಆದ್ದರಿಂದ ಹೊದಿಸದೆ ಸುರಿಯಬೇಕು. ಎಚ್ಚರವಿದ್ದರೆ ಸ್ವಲ್ಪಸ್ವಲ್ಪ ನೀರು ನೆಕ್ಕಲಿ, ಎಚ್ಚರವಿಲ್ಲದ ಬಾಯಿಗೆ ಹನಿಯೂ ಬೇಡ. ಹೀಗೆ ತಂಪು ಮಾಡುತ್ತಲೇ ಗಾಡಿಯ ಕಿಟಕಿ ತೆರೆದು ಹೊರಡಿ. ಕಾವು 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ. ನಾಯಿ ಎದ್ದು ನಿಂತಿತೆಂದು ಅರ್ಧ ದಾರಿಯಿಂದ ತಿರುಗಿ ಬರಬೇಡಿ. ಕಾದ ರಕ್ತ ಮೂತ್ರಪಿಂಡಕ್ಕೆ, ಕರುಳಿಗೆ ಮಾಡಿದ ಹಾನಿ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ.

ಮಣೂಕದ ಶೆಡ್ಡಿನಲ್ಲಿ ನಾಯಿ

ನಮ್ಮ ಭಾಗಕ್ಕೇ ವಿಶೇಷವಾದ, ಯಾರೂ ಅಷ್ಟಾಗಿ ಮಾತಾಡದ ಅಪಾಯವೊಂದಿದೆ. ವಿಜಯಪುರ ಜಿಲ್ಲೆ ದ್ರಾಕ್ಷಿ, ಒಣದ್ರಾಕ್ಷಿಗಳ ನಾಡು; ಒಣದ್ರಾಕ್ಷಿಯೇ ನಮ್ಮ ಮಣೂಕ. ಬೇಸಿಗೆ ಬಂತೆಂದರೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿದ ಗೊನೆಗಳನ್ನು ತಂತಿಬಲೆಯ ರ‍್ಯಾಕುಗಳ ಮೇಲೆ ಹರವಿ ನೆರಳಿನಲ್ಲಿ ಒಣಗಿಸುತ್ತಾರೆ. ಕೆಳಗೆ ಉದುರಿದ ಕಾಯಿ ನೆಲದ ತುಂಬ. ಶೆಡ್ಡು ಕಾಯುವ ನಾಯಿ ಅಲ್ಲೇ ಮಲಗುತ್ತದೆ, ಅದನ್ನೇ ತಿನ್ನುತ್ತದೆ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಒಣಗಿದಾಗ ಸಾರ ಗಟ್ಟಿಯಾಗುವುದರಿಂದ ಮಣೂಕ ಇನ್ನೂ ಕೆಟ್ಟದ್ದು. ನಾಯಿಯ ತೂಕದ ಪ್ರತಿ ಕಿಲೋಗೆ ಸುಮಾರು 3 ಗ್ರಾಂ ಮಣೂಕ ತಿಂದರೂ ಮೂತ್ರಪಿಂಡ ಕೆಟ್ಟ ವರದಿಗಳಿವೆ. ಹತ್ತು ಕಿಲೋ ತೂಕದ ನಾಯಿಗೆ ಅದು ಒಂದು ಹಿಡಿ ಅಷ್ಟೇ.

ಕಾರಣ ಬಹುಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷತಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ತುಂಬಿದೆ, ಹುಣಸೆ ತಿಂದ ನಾಯಿಗಳಲ್ಲೂ ಇಂಥದೇ ತೊಂದರೆ ಕಂಡಿದೆ. ಆಮ್ಲದ ಪ್ರಮಾಣ ಹಣ್ಣಿನ ತಳಿ, ಮಾಗುವಿಕೆಗಳ ಮೇಲೆ ಬದಲಾಗುತ್ತದೆ. ಎಲ್ಲ ನಾಯಿಗಳೂ ಒಂದೇ ತೆರನಾಗಿ ಬಳಲುವುದೂ ಇಲ್ಲ. "ನಮ್ಮ ನಾಯಿ ವರ್ಷಗಟ್ಟಲೆ ತಿಂದದ, ಏನೂ ಆಗಿಲ್ಲ" ಎನ್ನುವ ರೈತರು ಸುಳ್ಳು ಹೇಳುತ್ತಿಲ್ಲ. ಆದರೆ ಯಾವ ನಾಯಿಗೆ, ಯಾವ ಸಲ ತಟ್ಟುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ತಿಂದ ದಿನವೇ ವಾಂತಿ, ಮಂಕು. ಎರಡು, ಮೂರು ದಿನಕ್ಕೆ ಮೂತ್ರ ಕಡಿಮೆಯಾಗಿ ನಿಂತೇಹೋಗುತ್ತದೆ. ಆಮೇಲೆ ಉಳಿಸುವುದು ದೊಡ್ಡ ಆಸ್ಪತ್ರೆಗಳಿಗೂ ಕಷ್ಟ. ತಿಂದದ್ದು ಕಣ್ಣಾರೆ ಕಂಡರೆ, ನಾಯಿ ಚೆನ್ನಾಗಿದ್ದಾಗಲೇ, ಎರಡು ತಾಸಿನೊಳಗೆ ವೈದ್ಯರನ್ನು ತಲುಪುವುದು ಒಳ್ಳೆಯದು. ಅವರು ಇಂಜೆಕ್ಷನ್ನಿನಿಂದ ವಾಂತಿ ಮಾಡಿಸಿ ಸಲೈನ್ ಹಚ್ಚುತ್ತಾರೆ. ಶೆಡ್ಡಿನ ಸುತ್ತ ಒಂದು ಸುತ್ತು ತಂತಿಬಲೆ ಹಾಕಿದರೆ ಈ ಯಾವುದೂ ಬೇಕಾಗುವುದಿಲ್ಲ. ಮನೆಯಲ್ಲಿ ಶಿರಾ, ಪಾಯಸ ಮಾಡಿದ ದಿನ ಉಳಿದದ್ದನ್ನು ನಾಯಿಯ ತಟ್ಟೆಗೆ ಹಾಕುವ ಮುಂಚೆ ಅದರಲ್ಲಿ ಮಣೂಕ ಇದೆಯೇ ಎಂದು ನೋಡಿಕೊಳ್ಳಿ.

ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಇದೇ ಸಾಲಿನವು. ಅವು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗೆ ಇನ್ನೂ ಬೇಗ. ಜಂತುಹುಳಕ್ಕೆಂದು ಬೆಳ್ಳುಳ್ಳಿ ಅರೆದು ತಿನ್ನಿಸುವ ಮನೆಮದ್ದು ಬಿಡಬೇಕು.

ಹೊಲಕ್ಕೆ ಹೊಡೆದ ಔಷಧಿ, ಇಲಿಗೆ ಇಟ್ಟ ಮಾತ್ರೆ

ತೊಗರಿ, ಹತ್ತಿ, ದ್ರಾಕ್ಷಿ, ಲಿಂಬೆ ಯಾವುದಕ್ಕೂ ಸಿಂಪರಣೆ ತಪ್ಪುವುದಿಲ್ಲ. ಔಷಧಿ ಕಲಸಿದ ಬಕೆಟ್ಟಿನ ನೀರು, ತೊಳೆದಿಟ್ಟ ಖಾಲಿ ಡಬ್ಬಿಯಲ್ಲಿ ನಾಯಿಗೆ ಹಾಕಿದ ಹಾಲು, ಇಷ್ಟು ಸಾಕು. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಕಣ್ಣಲ್ಲಿ ನೀರು, ಭೇದಿ, ಮೈಯ ಸ್ನಾಯುಗಳೆಲ್ಲ ಅದುರುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಇದಕ್ಕೆ ಅಟ್ರೊಪಿನ್ ಎಂಬ ಮದ್ದು ಇದೆ, ದನಗಳಿಗೂ ಬಳಸುವುದರಿಂದ ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಡಬ್ಬಿಯನ್ನು, ಕಡೆಗೆ ಲೇಬಲ್ಲಿನ ಫೋಟೊವನ್ನಾದರೂ ಒಯ್ಯಿರಿ. ಮೈಗೆ ಚೆಲ್ಲಿಕೊಂಡಿದ್ದರೆ ಕೈಗವಸು ಹಾಕಿಕೊಂಡು ಸೋಪಿನಿಂದ ತೊಳೆಯಿರಿ.

ಇಲಿ ಪಾಷಾಣದಲ್ಲಿ ಎರಡು ಬಗೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿ ವಿಷಾನಿಲವಾಗುತ್ತದೆ. ಕಾಳಿನ ಚೀಲಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯದೂ ಇದೇ ಅನಿಲ. ಹಾಲು, ಅನ್ನ ತಿನ್ನಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ನಾಯಿ ಕಕ್ಕಿದರೆ ಆ ಗಾಳಿ ನಿಮಗೂ ಅಪಾಯ, ಆದ್ದರಿಂದ ಮುಚ್ಚಿದ ಕಾರಿನಲ್ಲಿ ಒಯ್ಯಬೇಡಿ. ಇನ್ನೊಂದು ಬಗೆ ಬ್ರೊಮಡಿಯೊಲೋನ್ ಕೇಕು. ಇದು ಮೋಸದ್ದು, ಮೂರ್ನಾಲ್ಕು ದಿನ ಏನೂ ತೋರುವುದಿಲ್ಲ. ಆಮೇಲೆ ಮೂಗಲ್ಲಿ, ಮೂತ್ರದಲ್ಲಿ, ಎದೆಯೊಳಗೆ ರಕ್ತ ಒಸರತೊಡಗುತ್ತದೆ. ತಿಂದದ್ದು ಗೊತ್ತಾದ ದಿನವೇ ಹೋದರೆ ವಿಟಮಿನ್ ಕೆ1 ಕೊಟ್ಟು ಬದುಕಿಸಬಹುದು.

ವಿಷ ತಿಂದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ನಿಲ್ಲಿಸಲೇಬೇಕು. ಉಪ್ಪೇ ಬೇರೊಂದು ವಿಷವಾಗಿ ಮೂರ್ಛೆ ತರುತ್ತದೆ. ಸೀಮೆಎಣ್ಣೆ, ಆಸಿಡ್, ಬ್ಯಾಟರಿ ನುಂಗಿದ್ದರಂತೂ ವಾಂತಿ ಮಾಡಿಸಲೇಬಾರದು. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್, ಹುಳು ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಹೊಲದ ಪುಡಿ ಹಚ್ಚುವುದು ಸಹ ವಿಷ ತಿನ್ನಿಸಿದಂತೆಯೇ, ಏಕೆಂದರೆ ಪ್ರಾಣಿ ಅದನ್ನು ನೆಕ್ಕುತ್ತದೆ. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಔಷಧಿ ಬೆಕ್ಕಿನ ಮೈಗೆ ತಾಗಿದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ. ಉಣ್ಣೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ: ಉಣ್ಣೆ ಹತ್ತಿದ ನಾಯಿಗೆ ಜ್ವರ, ಬಿಳಿಚಿದ ಒಸಡು, ಮೂಗಿನ ರಕ್ತ ಅಥವಾ ಚಹಾ ಬಣ್ಣದ ಉಚ್ಚೆ ಕಂಡರೆ ಅದು ಉಣ್ಣೆಜ್ವರ ಇರಬಹುದು. ರಕ್ತಪರೀಕ್ಷೆ ಮಾಡಿಸಿದರೆ ಒಳ್ಳೆಯ ಔಷಧಿ ಇದೆ.

ಹಾವು

ಹಾವು ಕಂಡರೆ ನಾಯಿ ಹಿಂಜರಿಯುವುದಿಲ್ಲ, ಮುಂದೆ ಹೋಗಿ ಬೊಗಳುತ್ತದೆ. ಅದಕ್ಕೇ ಕಡಿತ ಮೋತಿಗೆ, ಮುಂಗಾಲಿಗೆ ಬೀಳುವುದು ಹೆಚ್ಚು. ಕೊಳಕುಮಂಡಲ ಕಡಿದರೆ ಬಾವು ಬೇಗ ಏರುತ್ತದೆ, ಕಚ್ಚಿದ ಜಾಗದಿಂದ ರಕ್ತ ನಿಲ್ಲದೆ ಒಸರುತ್ತದೆ. ಗರಗಸ ಮಂಡಲದ್ದೂ ಹೀಗೆಯೇ. ನಾಗರಹಾವು, ಕಟ್ಟುಹಾವು ಕಡಿದರೆ ರೆಪ್ಪೆ ಇಳಿಬೀಳುತ್ತದೆ, ಹಿಂಗಾಲು ಸೋಲುತ್ತವೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಬಾವು ಅಷ್ಟಾಗಿ ಇರುವುದಿಲ್ಲ. ರಾತ್ರಿ ಚೆನ್ನಾಗಿದ್ದ ನಾಯಿ ನಸುಕಿಗೆ ನಿಲ್ಲಲಾರದೆ ಬಿದ್ದಿದ್ದರೆ ಇದನ್ನೂ ನೆನೆಯಬೇಕು.

ಮನುಷ್ಯರಿಗೆ ಕೊಡುವ ಬಹುವಿಷ ಪ್ರತಿವಿಷವೇ ನಾಯಿಗೂ ಆಗುತ್ತದೆ. ಈ ನಾಲ್ಕು ಹಾವುಗಳಿಗೂ ಅದೊಂದೇ ಮದ್ದು, ಆದ್ದರಿಂದ ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಹೊತ್ತು ಕಳೆಯಬೇಡಿ. ಕಟ್ಟುವುದು, ಕೊಯ್ಯುವುದು, ಬೇರು ಅರೆದು ಹಚ್ಚುವುದು, ಮಂತ್ರ ಹಾಕಿಸುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಕೊರಳಪಟ್ಟಿ ಬಿಚ್ಚಿ, ಮೋತಿ ಬಾತರೆ ಅದು ಉಸಿರು ಕಟ್ಟುತ್ತದೆ. ಪ್ರತಿವಿಷ ಪ್ರತಿ ಪಶು ಆಸ್ಪತ್ರೆಯಲ್ಲೂ ಇರುವುದಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ, ಇಲ್ಲವೆಂದರೆ ಎಲ್ಲಿ ಸಿಗುತ್ತದೆ ಎಂದು ಅವರನ್ನೇ ಕೇಳಿ.

ಬಾಯಿಗೆ ಕೈ ಹಾಕುವ ಮುನ್ನ

ಜೊಲ್ಲು ಸುರಿಸುತ್ತ, ದವಡೆ ಜೋತುಬಿದ್ದು, ನುಂಗಲಾರದೆ ಒದ್ದಾಡುವ ನಾಯಿಯನ್ನು ಕಂಡ ತಕ್ಷಣ "ಗಂಟಲಾಗ ಎಲುಬು ಸಿಕ್ಕದ" ಎಂದು ಬಾಯೊಳಗೆ ಕೈ ಹಾಕುವವರಿದ್ದಾರೆ. ರೇಬಿಸ್ ಹೀಗೂ ಕಾಣಿಸಿಕೊಳ್ಳುತ್ತದೆ, ಕಚ್ಚಲು ಓಡಿಬರುವ ರೂಪವೊಂದೇ ಅದರದ್ದಲ್ಲ. ದನಿ ಬದಲಾದದ್ದು, ಕತ್ತಲಲ್ಲಿ ಅಡಗುವುದು, ಕಾರಣವಿಲ್ಲದೆ ಕಲ್ಲು, ಕಟ್ಟಿಗೆ ಕಚ್ಚುವುದು, ನಡಿಗೆ ತಪ್ಪುವುದು ಇದ್ದರೆ ಹತ್ತಿರ ಹೋಗದೆ, ಮಕ್ಕಳನ್ನು ದೂರವಿಟ್ಟು, ಸಾಧ್ಯವಾದರೆ ಒಂದು ಕೋಣೆಯಲ್ಲಿ ಕೂಡಿಹಾಕಿ ವೈದ್ಯರನ್ನು ಕರೆಯಿರಿ. ಬೆಕ್ಕಿಗೂ ರೇಬಿಸ್ ಬರುತ್ತದೆ. ಕಚ್ಚಿದ, ಪರಚಿದ, ಗಾಯಕ್ಕೆ ಜೊಲ್ಲು ತಾಗಿದ ಮನುಷ್ಯರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಲಸಿಕೆ ಅಲ್ಲಿ ಉಚಿತ. ಗಾಯಕ್ಕೆ ಸುಣ್ಣ, ಖಾರಪುಡಿ ಹಚ್ಚಬಾರದು. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ನಿಮ್ಮ ನಾಯಿಯನ್ನು ಬೀದಿನಾಯಿ ಕಚ್ಚಿದರೂ ಗಾಯ ಸಣ್ಣದೆಂದು ಬಿಡಬೇಡಿ. ಮುಂಚೆ ಲಸಿಕೆ ಆಗಿದ್ದರೂ ಕಚ್ಚಿದ ನಂತರದ ಚುಚ್ಚುಮದ್ದು ಬೇರೆಯೇ ಇದೆ, ಮರುದಿನವೇ ಕೇಳಿ ಹಾಕಿಸಿ.

ಒಯ್ಯುವ ಬಗೆ

ಕಲಬುರಗಿಯಿಂದ ಸಿಂದಗಿ ಹಾಯ್ದು ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದಿನಾ ಗಾಡಿ ಬಡಿದ ನಾಯಿಗಳನ್ನು ಕಾಣುತ್ತೇವೆ. ಕಬ್ಬಿನ ಹಂಗಾಮಿನಲ್ಲಿ ಟ್ರೇಲರುಗಳ ಓಡಾಟ ಜೋರಾದಾಗ ಹಳ್ಳಿ ದಾರಿಗಳಲ್ಲೂ ಅದೇ ಪಾಡು. ಬಡಿಸಿಕೊಂಡ ನಾಯಿ ಎದ್ದು ಓಡಿದರೂ ಒಳಗೆ ರಕ್ತ ಸೋರುತ್ತಿರಬಹುದು, ಆ ದಿನವೆಲ್ಲ ಒಸಡು ನೋಡುತ್ತಿರಿ. ಎತ್ತಲು ಹಲಗೆ, ಚಾದರ, ಗೋಣಿಚೀಲ ಯಾವುದಾದರೂ ಆದೀತು. ಬೆನ್ನು ಬಾಗದಂತೆ ಸರಿಸಿ ಮಲಗಿಸಿ. ಎಷ್ಟೇ ಪ್ರೀತಿಯ ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ, ಆದ್ದರಿಂದ ಮೋತಿಗೆ ಬಟ್ಟೆಯ ಪಟ್ಟಿ ಸುತ್ತಿ. ಉಸಿರಿಗೆ ಕಷ್ಟಪಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಸುತ್ತಬೇಡಿ. ರಕ್ತ ಹರಿಯುವಲ್ಲಿ ಮಡಿಸಿದ ಬಟ್ಟೆ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ಎತ್ತಿ ನೋಡಬೇಡಿ. ಬೆಕ್ಕಿನ ಬಾಯಿಂದಲೋ ಹಿಂದಿನಿಂದಲೋ ದಾರ ಜೋತಿದ್ದರೆ ಎಳೆಯಬೇಡಿ, ಒಳಗೆ ಕರುಳು ಕೊಯ್ದುಕೊಳ್ಳುತ್ತದೆ.

ಸರ್ಕಾರದ ಪಶು ಸಹಾಯವಾಣಿ 1962. ಪಶು ಸಂಜೀವಿನಿ ವಾಹನಗಳು ಮುಖ್ಯವಾಗಿ ರೈತರ ಜಾನುವಾರುಗಳಿಗೆಂದು ಹಗಲಲ್ಲಿ ಓಡಾಡುವವು. ಕರೆ ಮಾಡಿ ಕೇಳುವುದರಲ್ಲಿ ನಷ್ಟವಿಲ್ಲ, ರಾತ್ರಿಯ ಪೂರ್ತಿ ಭರವಸೆ ಅದರ ಮೇಲೆ ಇಡಬೇಡಿ. ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ಬೇಕಾದರೆ ಎಲ್ಲರೂ ವಿಜಯಪುರಕ್ಕೇ ಹೋಗಬೇಕೆಂದಿಲ್ಲ. ಇಂಡಿಯ ಉತ್ತರದ ಹಳ್ಳಿಗಳಿಗೆ ಸೊಲ್ಲಾಪುರ, ಸಿಂದಗಿಯ ಪೂರ್ವದವರಿಗೆ ಕಲಬುರಗಿ, ಮುದ್ದೇಬಿಹಾಳದವರಿಗೆ ಬಾಗಲಕೋಟೆ ಅನುಕೂಲವಾಗಬಹುದು. ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜು ಆಸ್ಪತ್ರೆ ಬೀದರಿನಲ್ಲಿದೆ, ತುರ್ತಿಗೆ ಅದು ದೂರ. ತಾಲೂಕಿನ ವೈದ್ಯರು ಮೊದಲ ಇಂಜೆಕ್ಷನ್ನು, ಸಲೈನು ಹಾಕಿ ಕಳಿಸಿದರೆ ಮುಂದಿನ ದಾರಿಗೆ ಪ್ರಾಣಿ ತಡೆಯುತ್ತದೆ. ಹೀಗಾಗಿ ನೇರ ದೊಡ್ಡ ಊರಿಗೆ ಓಡುವ ಮೊದಲು ಅವರಿಗೆ ಫೋನ್ ಮಾಡುವುದು ಜಾಣತನ. ಫೋನಿನಲ್ಲಿ ತೂಕ, ವಯಸ್ಸು, ಏನಾಯಿತು, ಎಷ್ಟು ಹೊತ್ತಾಯಿತು, ಒಸಡಿನ ಬಣ್ಣ, ಉಸಿರಿನ ಎಣಿಕೆ ಇಷ್ಟನ್ನು ಹೇಳಿ. ಉಳಿದದ್ದನ್ನು ಅವರೇ ಕೇಳುತ್ತಾರೆ.

ಮುಂಜಾನೆ ತನಕ ಕಾಯಬಹುದಾದವು ಯಾವುವು ಎಂಬುದನ್ನೂ ಹೇಳಿಬಿಡಬೇಕು. ಒಂದೆರಡು ಬಾರಿ ವಾಂತಿ ಅಥವಾ ಸಡಿಲ ಮಲ ಆದರೂ ಲವಲವಿಕೆಯಿಂದಿದ್ದು ನೀರು ಕುಡಿದು ಉಳಿಸಿಕೊಳ್ಳುವುದು, ಊರಿ ನಡೆಯುವಷ್ಟು ಸಣ್ಣ ಕುಂಟು, ತುರಿಕೆ, ಕಿವಿ ಜಾಡಿಸುವುದು, ರಕ್ತ ನಿಂತ ಸಣ್ಣ ಗಾಯ. ದೊಡ್ಡ ನಾಯಿ ಒಂದು ದಿನ ಉಣ್ಣದಿದ್ದರೆ ಕಾದು ನೋಡಬಹುದು. ಬೆಕ್ಕು ಎರಡು ದಿನ ಉಣ್ಣದಿದ್ದರೆ ಕಾಯುತ್ತ ಕೂರಬಾರದು. ಉಪವಾಸದಲ್ಲಿ ಬೆಕ್ಕಿನ ಲಿವರಿಗೆ ಕೊಬ್ಬು ಸೇರಿ ಕೆಡುತ್ತದೆ, ದಪ್ಪ ಬೆಕ್ಕುಗಳಿಗೆ ಇನ್ನೂ ಬೇಗ. ಕಣ್ಣಿಗೆ ಪೆಟ್ಟಾದರೆ, ಕಣ್ಣು ಮುಚ್ಚಿಕೊಂಡೇ ಇದ್ದರೆ ಅದನ್ನೂ ಕಾಯುವ ಪಟ್ಟಿಯಲ್ಲಿ ಸೇರಿಸಬೇಡಿ.

ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತ ಲಸಿಕೆ ಹಾಕುತ್ತಾರೆ. ಆಗ ಒಮ್ಮೆ ಹೋಗಿ ಬನ್ನಿ. ಅಲ್ಲಿನ ವೈದ್ಯರ ಪರಿಚಯ ಮಾಡಿಕೊಳ್ಳಿ, ರಾತ್ರಿ ಕರೆದರೆ ಯಾರು ಸಿಗುತ್ತಾರೆ, ಹಾವಿನ ಪ್ರತಿವಿಷ ಎಲ್ಲಿದೆ, ಬೆಕ್ಕಿಗೆ ಕ್ಯಾಥೆಟರ್ ಯಾರು ಹಾಕುತ್ತಾರೆ ಎಂದು ಕೇಳಿ, ನಂಬರುಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡಿ.